ಕಲ್ಲಿನ ಜೊತೆ ಚೀಟಿಯೂ ಇರಲಿ



ಗುಬ್ಬಿ ತಾಲ್ಲೂಕಿನ ಬಿದರೆಹಳ್ಳಿ ಕಾವಲ್ ಎಂದೊಡನೆ ಈಗ ಎಲ್ಲರಿಗೂ ನೆನಪಾಗುವುದು ಹೆಲಿಕಾಪ್ಟರ್. ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಕಾರ್ಖಾನೆಗೆ ಅಲ್ಲಿ 2016ರ ಜನವರಿಯಲ್ಲಿ ಅಡಿಗಲ್ಲು ಹಾಕಲಾಯಿತು. 2023ರ ಫೆಬ್ರವರಿ 6ರಂದು ಅದರ ಉದ್ಘಾಟನೆಯಾಯಿತು. ಕಾರ್ಖಾನೆಯ ಜಾಗ 615 ಎಕರೆ. ಆದರೆ ಊರಿನ ಹೆಸರಿನ ಕೊನೆಯಲ್ಲಿರುವ 'ಕಾವಲ್' ಎಂಬ ಪದವನ್ನು ಗಮನಿಸಿದ್ದೀರಾ? ಕಾವಲು ಎಂದರೆ ದನ ಮೇಯಿಸಲು ಕಾದಿರಿಸಿದ ಹುಲ್ಲುಗಾವಲು. ಹಳೆಯ ಮೈಸೂರು ಸೀಮೆಯಲ್ಲಿ ಅಮೃತಮಹಲ್ ದನಗಳಿಗಾಗಿ ಇಂಥ ಎಷ್ಟೋ ಕಾವಲುಗಳಿದ್ದವು. ಕಾರ್ಖಾನೆ ಬಂದರೂ ಹೆಸರು ಹಾಗೆಯೇ ಉಳಿದಿದೆ. ನೆಲದ ಹಳೆಯ ಕೆಲಸವನ್ನು ಆ ಹೆಸರು ಇಂದಿಗೂ ಹೇಳುತ್ತಿದೆ.

ಸರಿ, ದನ ಕಾಯುವವರಿಗಿಂತ ಮೊದಲು ಈ ಸೀಮೆಯಲ್ಲಿ ಯಾರಿದ್ದರು? ಅದನ್ನು ಯಾವ ಹೆಸರೂ ಹೇಳುವುದಿಲ್ಲ. ಅದನ್ನು ಹೇಳಬಲ್ಲದ್ದು ನೆಲದಲ್ಲಿ ಸಿಗುವ ಕಲ್ಲು, ಮೂಳೆ, ಮಡಕೆಚೂರು ಮಾತ್ರ. ಇವುಗಳನ್ನು ಜೋಪಾನ ಮಾಡಿ, ಓದಿ, ಮುಂದಿನವರಿಗೆ ಓದಲು ಕಲಿಸುವ ಜಾಗವೊಂದಿದೆ. ಅದೇ ವಿಶ್ವವಿದ್ಯಾಲಯದ ಪುರಾತತ್ವ ವಸ್ತುಸಂಗ್ರಹಾಲಯ. ಅಂಥ ಸಂಗ್ರಹಾಲಯ ನಮಗೇಕೆ ಬೇಕು, ಅದಕ್ಕೂ ನಿಮಗೂ ಏನು ಸಂಬಂಧ ಎಂಬ ಬಗ್ಗೆ ನನ್ನ ಅಭಿಪ್ರಾಯವನ್ನು ನಿಮ್ಮ ಮುಂದಿಡುತ್ತೇನೆ. ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು.

ನಾನು ಮಾಡಿದ ತಪ್ಪು

ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ನಾನು ಆರನೇ ತರಗತಿಯಲ್ಲಿದ್ದಾಗ ಭಾನುವಾರಗಳಂದು ದನಗಳ ಜೊತೆ ಕಾವಲಿಗೆ ಹೋಗುತ್ತಿದ್ದೆ. ಒಂದು ದಿನ ಮಳೆ ಬಂದು ನಿಂತ ಮೇಲೆ ಕೊರಕಲಿನಲ್ಲಿ ಒಂದು ಕಲ್ಲು ಕಣ್ಣಿಗೆ ಬಿತ್ತು. ಅಂಗೈಯಷ್ಟು ದೊಡ್ಡದು. ಬಾದಾಮಿ ಬೀಜದಂತೆ ಒಂದು ತುದಿ ಚೂಪು, ಇನ್ನೊಂದು ತುದಿ ದುಂಡು. ಎರಡೂ ಮುಖಗಳಲ್ಲಿ ಚಕ್ಕೆ ಎದ್ದ ಗುರುತುಗಳು. ಕೈಯಲ್ಲಿ ಹಿಡಿದರೆ ನನಗೆಂದೇ ಮಾಡಿಸಿದಂತೆ ಕೂರುತ್ತಿತ್ತು. ಚೀಲಕ್ಕೆ ಹಾಕಿಕೊಂಡು ಬಂದೆ. ಕೆಲವು ತಿಂಗಳು ಅದರಲ್ಲಿ ಹುಣಸೆಬೀಜ ಕುಟ್ಟಿದೆ. ಆಮೇಲೆ ಅದು ಎಲ್ಲಿ ಹೋಯಿತೋ ಗೊತ್ತಿಲ್ಲ.

ಎಷ್ಟೋ ವರ್ಷಗಳ ನಂತರ ಪುಸ್ತಕವೊಂದರಲ್ಲಿ ಹಳೆಯ ಶಿಲಾಯುಗದ ಕೈಗೊಡಲಿಯ ಚಿತ್ರ ನೋಡಿದಾಗ ಎದೆ ಧಸಕ್ಕೆಂದಿತು. ನನ್ನ ಕಲ್ಲು ಅದೇ ಆಗಿತ್ತೇ? ಆಗಿದ್ದಿರಬಹುದು, ಆಗಿಲ್ಲದೆಯೂ ಇರಬಹುದು. ಇನ್ನು ಅದನ್ನು ತಿಳಿಯುವ ದಾರಿಯಿಲ್ಲ. ಒಂದು ವೇಳೆ ಕಲ್ಲು ಇವತ್ತು ಸಿಕ್ಕರೂ ಪೂರ್ತಿ ಪ್ರಯೋಜನವಿಲ್ಲ. ಏಕೆಂದರೆ ಅದನ್ನು ಯಾವ ಕೊರಕಲಿನಿಂದ, ಯಾವ ಮಣ್ಣಿನಿಂದ ಎತ್ತಿಕೊಂಡೆ ಎಂಬುದು ನನಗೇ ಮರೆತುಹೋಗಿದೆ. ಕಲ್ಲನ್ನು ಕಳೆದುಕೊಂಡದ್ದು ಒಂದು ತಪ್ಪು. ಜಾಗವನ್ನು ಬರೆದಿಡದೆ ಹೋದದ್ದು ಅದಕ್ಕಿಂತ ದೊಡ್ಡ ತಪ್ಪು. ಅದು ಹೇಗೆ ಎಂಬುದೇ ಈ ಲೇಖನದ ವಿಷಯ.

ಕಿಬ್ಬನಹಳ್ಳಿಯ ಕಲ್ಲುಗಳು

ಗುಬ್ಬಿಯಿಂದ ಹೆದ್ದಾರಿ ಹಿಡಿದು ನಿಟ್ಟೂರು ದಾಟಿ ತಿಪಟೂರಿನ ಕಡೆಗೆ ಹೋದರೆ ಕೆ.ಬಿ. ಕ್ರಾಸ್ ಸಿಗುತ್ತದೆ. ಬಸ್ಸಿನಲ್ಲಿ ಅಲ್ಲಿ ಇಳಿದು ಹತ್ತಿದವರು ನಿಮ್ಮಲ್ಲಿ ಬೇಕಾದಷ್ಟು ಮಂದಿ ಇರಬಹುದು. 'ಕೆ.ಬಿ.' ಎಂದರೆ ಕಿಬ್ಬನಹಳ್ಳಿ. ಈ ಹಳ್ಳಿಯ ಹೆಸರು ಭಾರತದ ಶಿಲಾಯುಗವನ್ನು ಅಧ್ಯಯನ ಮಾಡುವವರಿಗೆಲ್ಲ ಪರಿಚಿತ. ಅಲ್ಲಿಯ ಸುತ್ತಮುತ್ತ ಹಳೆಯ ಶಿಲಾಯುಗದ ಕಲ್ಲಿನ ಉಪಕರಣಗಳು ದೊರೆತಿವೆ. ಮೈಸೂರಿನ ವಿದ್ವಾಂಸ ಡಾ. ಎಂ. ಶೇಷಾದ್ರಿ ಅವರು ಇವುಗಳನ್ನು ಅಧ್ಯಯನ ಮಾಡಿ 1955ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ಆಗ ಕಿಬ್ಬನಹಳ್ಳಿಯ ಹೆಸರು ಹೊರದೇಶದ ವಿದ್ವಾಂಸರ ಕೈಸೇರುವ ಪತ್ರಿಕೆಯಲ್ಲಿ ಅಚ್ಚಾಯಿತು.

ದಾರಿಯಲ್ಲಿ ಬಿದ್ದ ಕಲ್ಲಿಗೂ ಮನುಷ್ಯ ಮಾಡಿದ ಕಲ್ಲಿಗೂ ವ್ಯತ್ಯಾಸ ತಿಳಿಯುವುದು ಹೇಗೆ? ಗಟ್ಟಿಯಾದ ಕಲ್ಲಿನ ಅಂಚಿಗೆ ಇನ್ನೊಂದು ಕಲ್ಲಿನಿಂದ ಸರಿಯಾದ ಕೋನದಲ್ಲಿ ಹೊಡೆದರೆ ಒಂದು ಚಕ್ಕೆ ಏಳುತ್ತದೆ. ಪೆಟ್ಟು ಬಿದ್ದ ಜಾಗದ ಕೆಳಗೆ ಚಕ್ಕೆಯ ಒಳಮುಖದಲ್ಲಿ ಸಣ್ಣ ಉಬ್ಬು ಕಾಣುತ್ತದೆ. ಚಕ್ಕೆ ಎದ್ದ ಕಲ್ಲಿನಲ್ಲಿ ಅದಕ್ಕೆ ತಕ್ಕ ತಗ್ಗು ಉಳಿಯುತ್ತದೆ. ಬೆಟ್ಟದಿಂದ ಉರುಳಿ ಒಡೆದ ಕಲ್ಲಿನಲ್ಲೂ ಒಂದೆರಡು ಇಂಥ ಗುರುತು ಬೀಳಬಹುದು. ಆದರೆ ಎರಡೂ ಮುಖಗಳಲ್ಲಿ, ಅಂಚಿನ ಸುತ್ತ, ಒಂದರ ಪಕ್ಕ ಒಂದು ಗುರುತು ಸಾಲಾಗಿದ್ದು ಕಲ್ಲಿಗೆ ಒಂದು ಆಕಾರ ಬಂದಿದ್ದರೆ ಅದು ಕೈಕೆಲಸ. ಇದನ್ನು ಓದಿ ತಿಳಿಯುವುದು ಕಷ್ಟ. ಹತ್ತು ಕಲ್ಲುಗಳನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರೆ ಕಣ್ಣಿಗೆ ತಾನಾಗಿಯೇ ಅಭ್ಯಾಸವಾಗುತ್ತದೆ.

ವಿಶ್ವವಿದ್ಯಾಲಯದ ಸಂಗ್ರಹಾಲಯದ ಮೊದಲ ಉಪಯೋಗ ಇಲ್ಲೇ ಇದೆ. ಅಲ್ಲಿ ಕಲಿಯಲು ಬಂದವರು ಕಲ್ಲನ್ನು ಮುಟ್ಟಬೇಕು.

ಚೀಟಿ ಏನು ಹೇಳುತ್ತದೆ?

ಗುಬ್ಬಿ ತಾಲ್ಲೂಕಿನಲ್ಲೇ ಕಡಬ ಎಂಬ ಊರಿದೆ. ಅಲ್ಲಿ ರಾಷ್ಟ್ರಕೂಟರ ಕಾಲದ ತಾಮ್ರಪಟಗಳು ದೊರೆತವು. ಅವುಗಳಲ್ಲಿ 9ನೇ ಶತಮಾನದ ಆರಂಭದ ಕಾಲ ಬರೆದಿದೆ. ಬಿ.ಎಲ್. ರೈಸ್ ಅವರು ತುಮಕೂರು ಜಿಲ್ಲೆಯ ಶಾಸನಗಳನ್ನೆಲ್ಲ ಸೇರಿಸಿ 1904ರಲ್ಲಿ ಹೊರತಂದ ಸಂಪುಟದಲ್ಲಿ ಇದೂ ಇದೆ. ತಾಮ್ರಪಟದ ಅನುಕೂಲ ನೋಡಿ. ಕೊಟ್ಟವರು ಯಾರು, ಪಡೆದವರು ಯಾರು, ಯಾವ ವರ್ಷ ಎಂಬುದೆಲ್ಲ ಅದರ ಮೇಲೆಯೇ ಇರುತ್ತದೆ. ಲಿಪಿ ಬಲ್ಲವರು ಎಲ್ಲಿ ಕುಳಿತಾದರೂ ಓದಬಹುದು.

ಶಿಲಾಯುಗದ ಕಲ್ಲಿಗೆ ಈ ಅನುಕೂಲವಿಲ್ಲ. ಅದರ ಮೇಲೆ ಊರಿಲ್ಲ, ವರ್ಷವಿಲ್ಲ. ಆದ್ದರಿಂದ ಅದನ್ನು ಎತ್ತಿದವರೇ ಅದರ ಪರವಾಗಿ ಬರೆದಿಡಬೇಕು. ಪುರಾತತ್ವದ ವಿದ್ಯಾರ್ಥಿ ಒಂದು ವಸ್ತುವನ್ನು ಸಂಗ್ರಹಿಸುವಾಗ ಜೊತೆಯಲ್ಲಿಡುವ ಚೀಟಿಯಲ್ಲಿ ಸಾಮಾನ್ಯವಾಗಿ ಇಷ್ಟು ವಿವರ ಇರುತ್ತದೆ: ಊರಿನ ಹೆಸರು, ಹೊಲ ಅಥವಾ ಹಳ್ಳದ ಗುರುತು, ಎಷ್ಟು ಆಳ, ಯಾವ ಪದರದ ಮಣ್ಣು, ಜೊತೆಯಲ್ಲಿ ಇನ್ನೇನಿತ್ತು, ತಾರೀಖು, ಎತ್ತಿದವರ ಹೆಸರು. ಸಂಗ್ರಹಾಲಯದಲ್ಲಿ ಇದಕ್ಕೊಂದು ಸಂಖ್ಯೆ ಕೊಟ್ಟು ದೊಡ್ಡ ಪುಸ್ತಕದಲ್ಲಿ ದಾಖಲಿಸುತ್ತಾರೆ. ಅದೇ ಸಂಖ್ಯೆಯನ್ನು ವಸ್ತುವಿನ ಮೇಲೂ ಪುಟ್ಟದಾಗಿ ಬರೆಯುತ್ತಾರೆ.

'ಜೊತೆಯಲ್ಲಿ ಇನ್ನೇನಿತ್ತು' ಎಂಬುದಕ್ಕೆ ಎಷ್ಟು ಬೆಲೆ ಇದೆ ಎಂಬುದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಕೊಡುತ್ತೇನೆ. ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯಲ್ಲಿ ಇಸಾಂಪುರ ಎಂಬ ನೆಲೆಯಿದೆ. ಪುಣೆಯ ಡೆಕ್ಕನ್ ಕಾಲೇಜಿನ ಪ್ರೊ. ಕೆ. ಪದ್ದಯ್ಯ ಮತ್ತು ಅವರ ತಂಡದವರು ಅಲ್ಲಿ ಉತ್ಖನನ ನಡೆಸಿದರು. ಆದಿಮಾನವರು ಸುಣ್ಣಕಲ್ಲಿನಿಂದ ಉಪಕರಣ ಮಾಡುತ್ತಿದ್ದ ಜಾಗ ಅದು. ಕಲ್ಲನ್ನು ಒಡೆದು ಉಪಕರಣ ಮಾಡಿದ್ದು ಯಾವಾಗ ಎಂದು ಆ ಕಲ್ಲೇ ಹೇಳಲಾರದು. ಆದರೆ ಅದೇ ಪದರದಲ್ಲಿ ಹುಲ್ಲು ತಿನ್ನುವ ಪ್ರಾಣಿಗಳ ಹಲ್ಲುಗಳಿದ್ದವು. ಹಲ್ಲಿನ ಹೊರಕವಚದಲ್ಲಿ, ಮಣ್ಣಿನಲ್ಲಿರುವ ಸಹಜ ವಿಕಿರಣದಿಂದಾಗಿ ಆಗುವ ಬಹಳ ಸೂಕ್ಷ್ಮ ಬದಲಾವಣೆ ವರ್ಷ ವರ್ಷವೂ ಹೆಚ್ಚುತ್ತಾ ಹೋಗುತ್ತದೆ. ಅದನ್ನು ಅಳೆದಾಗ ಆ ನೆಲೆ ಸುಮಾರು 12 ಲಕ್ಷ ವರ್ಷಗಳಷ್ಟು ಹಳೆಯದು ಎಂದು ಅಂದಾಜು ಸಿಕ್ಕಿತು. ಕಲ್ಲಿನ ವಯಸ್ಸನ್ನು ಅದರ ಪಕ್ಕದ ಹಲ್ಲು ಹೇಳಿತು!

ಯಾರೋ ಒಬ್ಬರು ಮೊದಲೇ ಬಂದು ಚೆಂದದ ಕಲ್ಲುಗಳನ್ನು ಮಾತ್ರ ಆರಿಸಿಕೊಂಡು, ಮುರುಕು ಹಲ್ಲು ಯಾರಿಗೆ ಬೇಕು ಎಂದು ಎಸೆದಿದ್ದರೆ ಈ ವಿಷಯ ಗೊತ್ತಾಗುತ್ತಿರಲಿಲ್ಲ. ನಾನು ಕಾವಲಿನಲ್ಲಿ ಮಾಡಿದ್ದು ಇದೇ ಕೆಲಸವನ್ನು.

ತೋರಿಸುವ ಕಪಾಟು, ಕಲಿಸುವ ಡ್ರಾಯರು

ಬೆಂಗಳೂರಿಗೋ ಮೈಸೂರಿಗೋ ಪ್ರವಾಸ ಹೋದಾಗ ನೀವು ವಸ್ತುಸಂಗ್ರಹಾಲಯ ನೋಡಿರಬಹುದು. ಗಾಜಿನ ಕಪಾಟು, ಒಳಗೆ ವಿಗ್ರಹ, ಕತ್ತಿ, ನಾಣ್ಯ. 'ಮುಟ್ಟಬಾರದು' ಎಂಬ ಫಲಕ. ಸಾಲಾಗಿ ಒಳಗೆ ಹೋಗಿ ಸಾಲಾಗಿ ಹೊರಗೆ ಬರುವುದು. ಇಂಥ ಸಂಗ್ರಹಾಲಯಗಳು ಜನರಿಗೆ ಒಳ್ಳೆಯ ವಸ್ತುಗಳನ್ನು ತೋರಿಸುತ್ತವೆ. ಅದೂ ಬೇಕಾದ ಕೆಲಸವೇ.

ವಿಶ್ವವಿದ್ಯಾಲಯದ ಸಂಗ್ರಹಾಲಯದ ಕೆಲಸ ಸ್ವಲ್ಪ ಬೇರೆ. ಅಲ್ಲಿ ಗಾಜಿನ ಕಪಾಟಿಗಿಂತ ಒಳಕೋಣೆಯ ಡ್ರಾಯರುಗಳು ಮುಖ್ಯ. ಒಂದು ಸುಂದರ ಮಡಕೆಗಿಂತ ಸಾವಿರ ಮಡಕೆಚೂರುಗಳು ಮುಖ್ಯ. ಅಲ್ಲಿ ವಿದ್ಯಾರ್ಥಿಗಳು ಚೂರುಗಳನ್ನು ಬಣ್ಣ, ದಪ್ಪ, ಅಂಚಿನ ಆಕಾರ ನೋಡಿ ಬೇರೆ ಬೇರೆ ಗುಂಪು ಮಾಡುತ್ತಾರೆ. ಅಳೆಯುತ್ತಾರೆ, ತೂಗುತ್ತಾರೆ, ಚಿತ್ರ ಬರೆಯುತ್ತಾರೆ. ಒಂದು ಮಡಕೆಯ ಬಾಯಿಯ ಚೂರು ಸಿಕ್ಕರೆ ಸಾಕು, ಅದರ ಬಾಗಿದ ಅಂಚನ್ನು ನೋಡಿ ಇಡೀ ಬಾಯಿ ಎಷ್ಟು ಅಗಲವಿತ್ತು ಎಂದು ಲೆಕ್ಕ ಹಾಕುತ್ತಾರೆ. ಗಣಿತದಲ್ಲಿ ನೀವು ಕಲಿಯುವ ವೃತ್ತ, ತ್ರಿಜ್ಯ, ಕಂಸಗಳೇ ಇಲ್ಲಿ ಉಪಯೋಗಕ್ಕೆ ಬರುತ್ತವೆ. ನಿಮ್ಮ ವಿಜ್ಞಾನದ ಪಾಠಕ್ಕೆ ಪ್ರಯೋಗಾಲಯ ಹೇಗೋ ಇತಿಹಾಸದ ಪಾಠಕ್ಕೆ ಇದು ಹಾಗೆ.

ನಮ್ಮ ನಾಡಿನಲ್ಲಿ ಈ ಕೆಲಸಕ್ಕೆ ಒಳ್ಳೆಯ ಪರಂಪರೆಯೇ ಇದೆ. ಧಾರವಾಡದಲ್ಲಿ 1939ರಲ್ಲಿ ಕನ್ನಡ ಸಂಶೋಧನ ಸಂಸ್ಥೆ ಆರಂಭವಾಯಿತು. ಆರ್.ಎಸ್. ಪಂಚಮುಖಿ ಅವರು ಅದರ ಮೊದಲ ನಿರ್ದೇಶಕರು. ಮುಂದೆ ಅದು ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿತು. ಅದರ ಸಂಗ್ರಹಾಲಯದಲ್ಲಿ ಶಾಸನಗಳಿವೆ, ವೀರಗಲ್ಲುಗಳಿವೆ, ಶಿಲ್ಪಗಳಿವೆ. ಮೈಸೂರಿನ ಕಡೆ ಪ್ರಾಧ್ಯಾಪಕ ಡಾ. ಎಂ.ಎಚ್. ಕೃಷ್ಣ ಅವರು ಸಂಸ್ಥಾನದ ಪುರಾತತ್ವ ಇಲಾಖೆಯನ್ನೂ ನಡೆಸಿ, ವಿಶ್ವವಿದ್ಯಾಲಯದಲ್ಲಿ ಪಾಠವನ್ನೂ ಹೇಳಿದರು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಉತ್ಖನನ ಮಾಡಿಸಿದವರು ಅವರು. ಹಲ್ಮಿಡಿ ಶಾಸನವನ್ನು 1936ರ ವರದಿಯಲ್ಲಿ ಪ್ರಕಟಿಸಿದವರೂ ಅವರೇ. ಪಾಠ ಹೇಳುವವರೇ ನೆಲ ಅಗೆದರೆ, ಅಗೆದ ವಸ್ತು ಪಾಠದ ಕೋಣೆಗೆ ಬಂದರೆ ಎಷ್ಟು ಲಾಭ ಎಂಬುದನ್ನು ಇವರೆಲ್ಲ ತೋರಿಸಿಕೊಟ್ಟರು.

64 ವರ್ಷ ಕಾದ ಅಂಗಿ

'ಒಮ್ಮೆ ಅಧ್ಯಯನ ಮಾಡಿ ಪುಸ್ತಕ ಬರೆದ ಮೇಲೆ ವಸ್ತುಗಳನ್ನು ಇಟ್ಟುಕೊಳ್ಳುವುದೇಕೆ?' ಎಂದು ನಿಮ್ಮಲ್ಲಿ ಯಾರಾದರೂ ಕೇಳಬಹುದು. ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರವಾಗಿ ಲಂಡನ್ನಿನ ಒಂದು ಕಥೆ ಹೇಳುತ್ತೇನೆ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಪೆಟ್ರಿ ಸಂಗ್ರಹಾಲಯ ಇದೆ. ವಿದ್ಯಾರ್ಥಿಗಳಿಗೆ ಪಾಠ ಮಾಡಲೆಂದೇ ಅದನ್ನು 1892ರಲ್ಲಿ ಆರಂಭಿಸಿದರು. ಈಜಿಪ್ಟಿನಲ್ಲಿ ಉತ್ಖನನ ಮಾಡಿದ ಫ್ಲಿಂಡರ್ಸ್ ಪೆಟ್ರಿ ಅಲ್ಲಿಯ ಪ್ರಾಧ್ಯಾಪಕರು. 1913ರಲ್ಲಿ ತರ್ಖಾನ್ ಎಂಬಲ್ಲಿಯ ಸಮಾಧಿಯೊಂದರಲ್ಲಿ ಕೊಳೆಯಾದ ನಾರುಬಟ್ಟೆಗಳ ಗಂಟು ಸಿಕ್ಕಿತು. ಅದನ್ನು ಹಾಗೆಯೇ ತಂದು ಇಟ್ಟರು. 1977ರಲ್ಲಿ ಬಟ್ಟೆಗಳನ್ನು ಶುಚಿ ಮಾಡಿ ಕಾಪಾಡಲೆಂದು ತಜ್ಞರಿಗೆ ಕೊಟ್ಟಾಗ ಗಂಟಿನೊಳಗೆ ಒಂದು ಅಂಗಿ ಕಂಡಿತು! ತೋಳು ಇತ್ತು, ನೆರಿಗೆ ಇತ್ತು. ಮೊಣಕೈ ಮತ್ತು ಕಂಕುಳಿನ ಜಾಗದಲ್ಲಿ ಮುದುಡಿದ ಗುರುತುಗಳಿದ್ದವು. ಅಂದರೆ ಯಾರೋ ತೊಟ್ಟು ಬಿಚ್ಚಿದ ಅಂಗಿ ಅದು.

ಕಥೆ ಇಲ್ಲಿಗೇ ಮುಗಿಯಲಿಲ್ಲ. 2015ರಲ್ಲಿ ಆ ಬಟ್ಟೆಯ ಎರಡು ಮಿಲಿಗ್ರಾಂಗಿಂತ ಸ್ವಲ್ಪ ಹೆಚ್ಚಿನ ಚೂರನ್ನು ತೆಗೆದು ಇಂಗಾಲ-14ರ ಪರೀಕ್ಷೆ ಮಾಡಿದರು. ಗಿಡಗಳು ಬದುಕಿರುವಾಗ ಗಾಳಿಯಿಂದ ಇಂಗಾಲ ಹೀರುತ್ತವೆ. ಅದರಲ್ಲಿ ಅತ್ಯಲ್ಪ ಭಾಗ ಇಂಗಾಲ-14. ಗಿಡ ಸತ್ತ ಮೇಲೆ ಇದು ಹೊಸದಾಗಿ ಸೇರುವುದಿಲ್ಲ. ಇದ್ದದ್ದು ಸುಮಾರು 5,730 ವರ್ಷಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಉಳಿದದ್ದನ್ನು ಅಳೆದರೆ ವಯಸ್ಸು ತಿಳಿಯುತ್ತದೆ. ಅಂಗಿಯ ನಾರು ಕ್ರಿ.ಪೂ. 3482 ಮತ್ತು 3102ರ ನಡುವಿನದು ಎಂದು ಗೊತ್ತಾಯಿತು. ಅಂದರೆ 5,000 ವರ್ಷಗಳಿಗಿಂತ ಹಳೆಯದು! ಇಂದು ತಿಳಿದಿರುವ ನೇಯ್ದ ಉಡುಪುಗಳಲ್ಲೆಲ್ಲ ಅತ್ಯಂತ ಹಳೆಯದು ಅದೇ ಎನ್ನುತ್ತಾರೆ.

ಈಗ ಯೋಚಿಸಿ. 1913ರಲ್ಲಿ ಇಂಗಾಲ-14ರ ಪರೀಕ್ಷೆ ಎಂಬುದೇ ಇರಲಿಲ್ಲ. ಅದನ್ನು ವಿಲ್ಲಾರ್ಡ್ ಲಿಬ್ಬಿ ಎಂಬ ವಿಜ್ಞಾನಿ ಕಂಡುಹಿಡಿದದ್ದು 1940ರ ದಶಕದಲ್ಲಿ. ಪ್ರಶ್ನೆ ಕೇಳುವ ವಿಧಾನ ಹುಟ್ಟುವ ಮೊದಲೇ ಉತ್ತರ ಕೊಡುವ ಬಟ್ಟೆ ಕಪಾಟಿನಲ್ಲಿತ್ತು. ಚೀಟಿಯೂ ಇತ್ತು. ಆದ್ದರಿಂದಲೇ ಅದು ಯಾವ ಸಮಾಧಿಯದು ಎಂದು ಹೇಳಲು ಸಾಧ್ಯವಾಯಿತು.

ಹಳ್ಳೂರಿನ ಮೂಳೆ, ನಮ್ಮ ಮನೆಯ ಹುರುಳಿ

ಮತ್ತೆ ನಮ್ಮ ನಾಡಿಗೆ ಬರೋಣ. ಹಾವೇರಿ ಜಿಲ್ಲೆಯಲ್ಲಿ ತುಂಗಭದ್ರಾ ನದಿಯ ದಡದಲ್ಲಿ ಹಳ್ಳೂರು ಎಂಬ ಊರಿದೆ. 1965ರಲ್ಲಿ ಡಾ. ಎಂ.ಎಸ್. ನಾಗರಾಜರಾವ್ ಅವರು ಅಲ್ಲಿ ಉತ್ಖನನ ನಡೆಸಿದರು. 1971ರಲ್ಲಿ ಅದರ ವರದಿ ಪ್ರಕಟವಾಯಿತು. ನವಶಿಲಾಯುಗದ ಜನ ಅಲ್ಲಿ ಹೇಗೆ ಬದುಕುತ್ತಿದ್ದರು, ಕಬ್ಬಿಣದ ಬಳಕೆ ಯಾವಾಗ ಬಂದಿತು ಎಂಬ ಚರ್ಚೆಯಲ್ಲಿ ಹಳ್ಳೂರಿನ ಹೆಸರು ಇಂದಿಗೂ ಬರುತ್ತದೆ. ಅಲ್ಲಿ ಸಿಕ್ಕ ಪ್ರಾಣಿಗಳ ಮೂಳೆಗಳನ್ನು ಪರೀಕ್ಷಿಸಿದವರು ಯಾರು ಗೊತ್ತೇ? ಕೆ.ಆರ್. ಅಲೂರ್ ಎಂಬ ಪಶುವೈದ್ಯರು. ದನ, ಕುರಿ, ಕುದುರೆಗಳ ಮೂಳೆಯ ವ್ಯತ್ಯಾಸ ಅವರಿಗೆ ಚೆನ್ನಾಗಿ ಗೊತ್ತಿತ್ತು. ಅಲ್ಲಿಯ ಕೆಲವು ಮೂಳೆ ಕುದುರೆಯವು ಎಂದು ಅವರು ಹೇಳಿದಾಗ, ದಕ್ಷಿಣಕ್ಕೆ ಕುದುರೆ ಬಂದದ್ದು ಯಾವಾಗ ಎಂಬ ಬಗ್ಗೆ ವಿದ್ವಾಂಸರ ನಡುವೆ ದೊಡ್ಡ ಚರ್ಚೆಯೇ ನಡೆಯಿತು. ಇಂಥ ಚರ್ಚೆ ಬಾಯಿಮಾತಿನಲ್ಲಿ ತೀರುವುದಿಲ್ಲ. ಮೂಳೆಯನ್ನು ಮತ್ತೆ ಮತ್ತೆ ಮೇಜಿನ ಮೇಲಿಟ್ಟು ನೋಡಬೇಕು. ಅದಕ್ಕಾಗಿ ಮೂಳೆ ಉಳಿದಿರಬೇಕು.

ಇನ್ನೊಂದು ವಿಷಯ ನಿಮಗೆ ತೀರ ಹತ್ತಿರದ್ದು. ಕರ್ನಾಟಕ ವಿಶ್ವವಿದ್ಯಾಲಯದ ಪ್ರೊ. ರವಿ ಕೋರಿಶೆಟ್ಟರ್ ಮತ್ತು ಲಂಡನ್ನಿನ ಡೋರಿಯನ್ ಫುಲ್ಲರ್ ಮುಂತಾದವರು ಹಳ್ಳೂರು, ಬಳ್ಳಾರಿ ಬಳಿಯ ಸಂಗನಕಲ್ಲು ಮೊದಲಾದ ನವಶಿಲಾಯುಗದ ನೆಲೆಗಳ ಮಣ್ಣನ್ನು ನೀರಿನಲ್ಲಿ ಕಲಕಿ ನೋಡಿದರು. ಮಣ್ಣು ತಳಕ್ಕೆ ಕೂರುತ್ತದೆ. ಸುಟ್ಟು ಕರಿಯಾದ ಕಾಳುಗಳು ಹಗುರವಾದ್ದರಿಂದ ಮೇಲೆ ತೇಲುತ್ತವೆ. ಅವನ್ನು ಸೋಸಿ ಒಣಗಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಹುರುಳಿ, ಹೆಸರು, ಕೊರಲೆಯ ಕಾಳುಗಳು ಸಿಕ್ಕವು. ಸುಮಾರು 4,000 ವರ್ಷಗಳ ಹಿಂದಿನ ಊಟ!

ಕೊರಲೆ ತುಮಕೂರು ಸೀಮೆಯವರಿಗೆ ಹೊಸದಲ್ಲ. ಈಗಲೂ ಇಲ್ಲಿ ಅದನ್ನು ಬೆಳೆಯುವವರಿದ್ದಾರೆ. ಹುರುಳಿಯ ಸಾರಂತೂ ನಿಮ್ಮ ಮನೆಯಲ್ಲಿ ಈ ವಾರವೇ ಆಗಿರಬಹುದು. ಆದರೆ ಸುಟ್ಟು ಕುಗ್ಗಿದ, ಸಾಸಿವೆಯಷ್ಟು ಪುಟ್ಟ ಕಾಳನ್ನು ನೋಡಿ ಇದು ಕೊರಲೆ, ಇದು ಸಾಮೆ, ಇದು ನವಣೆ ಎಂದು ಹೇಗೆ ಹೇಳಿದರು? ಹೋಲಿಸಿ ನೋಡಿ. ಅದಕ್ಕಾಗಿ ಇಂದಿನ ಕಾಳುಗಳನ್ನು ಹೆಸರು ಬರೆದ ಡಬ್ಬಿಗಳಲ್ಲಿ ಇಟ್ಟಿರುತ್ತಾರೆ. ಇದೇ ರೀತಿ ಇಂದಿನ ದನದ ಮೂಳೆ, ಕುರಿಯ ಮೂಳೆ, ಮೀನಿನ ಮೂಳೆಗಳ ಸಂಗ್ರಹವೂ ಇರುತ್ತದೆ. ತಿಳಿದದ್ದನ್ನು ಪಕ್ಕದಲ್ಲಿಟ್ಟುಕೊಂಡು ತಿಳಿಯದ್ದನ್ನು ಗುರುತಿಸುವುದು. ವಿಶ್ವವಿದ್ಯಾಲಯದ ಪುರಾತತ್ವ ಸಂಗ್ರಹದಲ್ಲಿ ಹಳೆಯ ವಸ್ತುಗಳಷ್ಟೇ ಮುಖ್ಯವಾದದ್ದು ಈ ಹೊಸ ವಸ್ತುಗಳ ಡಬ್ಬಿ.

ಎರಡು ಆಕ್ಷೇಪಣೆಗಳು

ನನ್ನ ಮಾತಿಗೆ ಎರಡು ಆಕ್ಷೇಪಣೆಗಳು ಬರಬಹುದು. ಅವನ್ನು ಮುಚ್ಚಿಡುವುದು ಸರಿಯಲ್ಲ.

ಮೊದಲನೆಯದು: 'ಎಷ್ಟೋ ಶಾಲೆಗಳಿಗೆ ಇನ್ನೂ ಕೋಣೆ ಸಾಲದು. ಹೀಗಿರುವಾಗ ಒಡೆದ ಮಡಕೆಗೆ ಕಟ್ಟಡ, ಕಪಾಟು ಯಾಕೆ?' ನ್ಯಾಯವಾದ ಮಾತು. ಶಾಲೆಯ ಕೋಣೆ ಮೊದಲು ಆಗಬೇಕು, ನಿಜ. ಆದರೆ ಒಂದು ವ್ಯತ್ಯಾಸವಿದೆ. ಈ ವರ್ಷ ಕಟ್ಟದ ಕೋಣೆಯನ್ನು ಮುಂದಿನ ವರ್ಷ ಕಟ್ಟಬಹುದು. ಈ ವರ್ಷ ಜೆ.ಸಿ.ಬಿ.ಯಲ್ಲಿ ಅಗೆದು ಲಾರಿಗೆ ತುಂಬಿದ ಮಣ್ಣಿನ ಪದರವನ್ನು ಮುಂದಿನ ವರ್ಷ ವಾಪಸು ತರಲಾಗದು. ಕೃಷಿ ಹೊಂಡ, ರಸ್ತೆ, ನಾಲೆ, ಕಾರ್ಖಾನೆ, ಬಡಾವಣೆ ಎಲ್ಲವೂ ನಮಗೆ ಬೇಕು. ಇವನ್ನು ಬೇಡ ಎನ್ನುವಂತಿಲ್ಲ. ಆದರೆ ನೆಲ ಅಗೆಯುವ ಮೊದಲು ಬಲ್ಲವರು ಒಮ್ಮೆ ನಡೆದಾಡಿ ನೋಡಿ, ಸಿಕ್ಕದ್ದನ್ನು ಬರೆದುಕೊಂಡು, ಸಂಗ್ರಹಿಸಿ ಇಡುವುದಕ್ಕೆ ದೊಡ್ಡ ಖರ್ಚೇನೂ ಆಗುವುದಿಲ್ಲ. ಅದಕ್ಕೆ ಬೇಕಾದದ್ದು ಕಲಿತ ಕಣ್ಣು. ಕಲಿತ ಕಣ್ಣು ತಯಾರಾಗುವುದು ಸಂಗ್ರಹಾಲಯದ ಡ್ರಾಯರುಗಳ ಮುಂದೆ.

ಎರಡನೆಯದು: 'ನಮ್ಮೂರಿನ ವಸ್ತು ನಮ್ಮೂರಿನಲ್ಲೇ ಇರಲಿ. ದೂರದ ಪಟ್ಟಣದವರು ಒಯ್ದು ಬೀಗ ಹಾಕಿಡುವುದೇಕೆ?' ಇದರಲ್ಲೂ ಅರ್ಧ ನಿಜವಿದೆ. ಊರ ಮುಂದಿನ ವೀರಗಲ್ಲು, ದೇವಸ್ಥಾನದ ಶಾಸನ ಅಲ್ಲೇ ಇದ್ದರೆ ಚೆನ್ನ. ಅವು ನಿಂತ ಜಾಗವೂ ಚರಿತ್ರೆಯ ಭಾಗ. ಆದರೆ ಕೈಗೊಡಲಿ, ಮಣಿ, ಕಾಳು, ಮೂಳೆ ಇಂಥ ಚಿಕ್ಕ ವಸ್ತುಗಳು ಊರಿನಲ್ಲಿ ಉಳಿಯುವುದಿಲ್ಲ. ನನ್ನ ಕಲ್ಲಿನ ಗತಿ ಏನಾಯಿತು ಎಂದು ಆಗಲೇ ಹೇಳಿದೆನಲ್ಲ! ಅವು ದಾಖಲೆಯಾಗಿ ಒಂದೆಡೆ ಸೇರಬೇಕು. ಆದರೆ ಒಯ್ದವರಿಗೂ ಒಂದು ಜವಾಬ್ದಾರಿಯಿದೆ. ಊರಿನಿಂದ ಒಯ್ದ ವಸ್ತು ಏನು ಹೇಳಿತು ಎಂಬುದನ್ನು ಊರಿಗೆ ಬಂದು ಹೇಳಬೇಕು.

ದೊಡ್ಡವರು ಮಾಡಬೇಕಾದದ್ದು

ಈ ಜವಾಬ್ದಾರಿಯಲ್ಲಿ ನಾವು ದೊಡ್ಡವರು ಹಿಂದೆ ಬಿದ್ದಿದ್ದೇವೆ ಎಂದೇ ನನ್ನ ಅಭಿಪ್ರಾಯ. ಸಂಶೋಧನಾ ಪ್ರಬಂಧಗಳು ಬಹುತೇಕ ಇಂಗ್ಲಿಷಿನಲ್ಲಿ ಬರುತ್ತವೆ. ಕಿಬ್ಬನಹಳ್ಳಿಯ ಕಲ್ಲಿನ ವಿಷಯ ದೂರದ ದೇಶದ ವಿದ್ವಾಂಸರಿಗೆ ಗೊತ್ತು, ಕೆ.ಬಿ. ಕ್ರಾಸಿನಲ್ಲಿ ಬಸ್ಸಿಗೆ ಕಾಯುವ ಹುಡುಗಿಗೆ ಗೊತ್ತಿಲ್ಲ ಎಂದರೆ ಏನೋ ತಪ್ಪಿದೆ ಎಂದಲ್ಲವೇ?

ವಿಶ್ವವಿದ್ಯಾಲಯಗಳು ವರ್ಷದಲ್ಲಿ ಕೆಲವು ದಿನವಾದರೂ ತಮ್ಮ ಪುರಾತತ್ವ ಸಂಗ್ರಹದ ಬಾಗಿಲನ್ನು ಸರ್ಕಾರಿ ಶಾಲೆಯ ಮಕ್ಕಳಿಗೆ ತೆರೆಯಬೇಕು. ಗಾಜಿನ ಹೊರಗೆ ನಿಲ್ಲಿಸಿದರೆ ಸಾಲದು. ಮುಟ್ಟಲು ಯೋಗ್ಯವಾದ ಕೆಲವು ಕಲ್ಲು, ಚೂರುಗಳನ್ನು ಕೈಗೆ ಕೊಡಬೇಕು. ಬರಲಾಗದ ಶಾಲೆಗಳಿಗೆ ಒಂದು ಪೆಟ್ಟಿಗೆಯಲ್ಲಿ ಮಾದರಿಗಳನ್ನು ಕಳಿಸಬಹುದು. ವಿದ್ಯಾರ್ಥಿಗಳು ಒಂದು ಹಳ್ಳಿಯಲ್ಲಿ ಕೆಲಸ ಮಾಡಿದರೆ, ಕೊನೆಯ ದಿನ ಅಲ್ಲಿಯ ಶಾಲೆಗೆ ಹೋಗಿ ಒಂದು ಗಂಟೆ ಕನ್ನಡದಲ್ಲಿ ವಿವರಿಸಬಹುದು. ತುಮಕೂರಿನಲ್ಲಿ 2004ರಿಂದಲೂ ವಿಶ್ವವಿದ್ಯಾಲಯವಿದೆ. ಮೈಸೂರು, ಧಾರವಾಡಗಳು ದೂರವಾದರೂ ತುಮಕೂರು ನಿಮಗೆ ಹತ್ತಿರ. 'ನಮಗೂ ತೋರಿಸಿ' ಎಂದು ನಿಮ್ಮ ಶಾಲೆಯಿಂದ ಒಂದು ಪತ್ರ ಬರೆದರೆ ತಪ್ಪೇನು?

ನೀವು ಮಾಡಬಹುದಾದದ್ದು

ಹೊಲದಲ್ಲಿ, ಹಳ್ಳದಲ್ಲಿ, ಹೊಸದಾಗಿ ಅಗೆದ ಕಡೆ ವಿಚಿತ್ರವಾದ ಕಲ್ಲು, ದೊಡ್ಡ ಮಡಕೆಯ ಚೂರು, ಮೂಳೆ, ನಾಣ್ಯ ಕಂಡರೆ ಕೀಳಬೇಡಿ. ಅಗೆಯಬೇಡಿ. ತೊಳೆಯಬೇಡಿ. ಜಾಗದ ಗುರುತು ಬರೆದುಕೊಳ್ಳಿ. ಯಾರ ಹೊಲ, ಯಾವ ಮರದಿಂದ ಎಷ್ಟು ಹೆಜ್ಜೆ, ಯಾವ ದಿನ ಎಂದು ಬರೆಯಿರಿ. ಒಂದು ನಕ್ಷೆ ಗೀಚಿ. ಮನೆಯವರಿಗೂ ಶಿಕ್ಷಕರಿಗೂ ಹೇಳಿ. ಶಿಕ್ಷಕರು ತಹಸೀಲ್ದಾರರ ಕಚೇರಿಗೋ ಪುರಾತತ್ವ ಇಲಾಖೆಗೋ ತಿಳಿಸುತ್ತಾರೆ. ಹೊಸದಾಗಿ ಅಗೆದ ಗುಂಡಿಗೆ ಇಳಿಯುವುದಂತೂ ಬೇಡವೇ ಬೇಡ. ಮಣ್ಣು ಕುಸಿಯಬಹುದು. ಹಳೆಯ ವಸ್ತುಗಳ ಮಾರಾಟಕ್ಕೂ ಸಾಗಣೆಗೂ 1972ರ ಕೇಂದ್ರ ಕಾಯ್ದೆಯ ಕಟ್ಟುನಿಟ್ಟಾದ ನಿಯಮಗಳಿವೆ ಎಂಬುದೂ ನಿಮಗೆ ತಿಳಿದಿರಲಿ.

'ಹಾಗಾದರೆ ನಾವು ಏನನ್ನೂ ಸಂಗ್ರಹಿಸುವಂತಿಲ್ಲವೇ?' ಎಂದು ಬೇಸರಪಡಬೇಡಿ. ಹೊಸ ವಸ್ತುಗಳ ಡಬ್ಬಿಯ ವಿಷಯ ಹೇಳಿದೆನಲ್ಲ, ಅದನ್ನು ನಿಮ್ಮ ಶಾಲೆಯಲ್ಲೇ ಮಾಡಿ. ಖಾಲಿ ಬೆಂಕಿಪೊಟ್ಟಣ ಅಥವಾ ಸಣ್ಣ ಡಬ್ಬಿಗಳನ್ನು ತನ್ನಿ. ರಾಗಿ, ಹುರುಳಿ, ಹೆಸರು, ಅವರೆ, ಸಾಮೆ, ನವಣೆ, ಕೊರಲೆ ಒಂದೊಂದನ್ನು ಒಂದೊಂದು ಡಬ್ಬಿಗೆ ಹಾಕಿ. ಪ್ರತಿಯೊಂದಕ್ಕೂ ಒಂದು ಚೀಟಿ: ಕಾಳಿನ ಹೆಸರು, ಬೆಳೆದ ಊರು, ಹೊಲದ ಮಣ್ಣು ಕೆಂಪೋ ಕಪ್ಪೋ, ಕೊಯ್ಲಿನ ತಿಂಗಳು, ತಂದವರ ಹೆಸರು, ತಾರೀಖು. ಒಂದು ನೋಟ್‌ಬುಕ್ಕಿನಲ್ಲಿ ಕ್ರಮಸಂಖ್ಯೆ ಹಾಕಿ ಬರೆದಿಡಿ. ಆಮೇಲೆ ಒಬ್ಬರು ಕಣ್ಣು ಮುಚ್ಚಿಕೊಂಡಿರುವಾಗ ಇನ್ನೊಬ್ಬರು ಎರಡು ಡಬ್ಬಿಗಳ ಚೀಟಿ ತೆಗೆದುಬಿಡಿ. ಸಾಮೆ ಯಾವುದು, ಕೊರಲೆ ಯಾವುದು ಎಂದು ಹೇಳಬಲ್ಲಿರಾ ನೋಡಿ. ಚೀಟಿಯ ಬೆಲೆ ಆಗ ನಿಮಗೇ ತಿಳಿಯುತ್ತದೆ.

ನಾನು ಕಾವಲಿನಿಂದ ತಂದ ಕಲ್ಲಿಗೆ ಒಂದು ಚೀಟಿ ಅಂಟಿಸಬೇಕೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಿಮಗೆ ನಾನು ಹೇಳಿದ್ದೇನೆ. ಮುಂದಿನ ಮಳೆಗಾಲದಲ್ಲಿ ಗುಬ್ಬಿಯ ಯಾವುದೋ ಕೊರಕಲಿನಲ್ಲಿ ಅಂಥದ್ದೇ ಒಂದು ಕಲ್ಲು ಮೇಲೆದ್ದು ಬರಬಹುದು. ಅದನ್ನು ಮೊದಲು ನೋಡುವ ಕಣ್ಣು ನಿಮ್ಮದಾಗಿದ್ದರೆ ಕೈ ಹಾಕುವ ಮೊದಲು ಪೆನ್ಸಿಲ್ ತೆಗೆಯಿರಿ.

ನೀವು ಏನು ಹೇಳುತ್ತೀರಿ? ನಿಮ್ಮ ಶಾಲೆಯಲ್ಲಿ ಚರ್ಚಿಸಿ.